ಎಲ್ಲರೂ ನಕ್ಕ ಮೇಲೆ ನಗುವವರು

ಆ ದಿನ ಬೆಳಿಗ್ಗೆಯೂ ನಾನು ಎಂದಿನ ಹಾಗೆ ಮೊದಲು ಅಡುಗೆಮನೆಯ ಕಿಟಕಿ ತೆರೆದೆ. ಕಿಟಕಿ ಅಂದ ಕೂಡಲೇ ನೀವು ಮರ, ಹಕ್ಕಿ, ಎಳೆಬಿಸಿಲು ಎಂದೆಲ್ಲ ಎಣಿಸಿಕೊಳ್ಳಬೇಡಿ. ದುಬೈಯ ಮಿರ್ದಿಫಿನಲ್ಲಿ ನಾವಿದ್ದ ಕಟ್ಟಡದಲ್ಲಿ ಅಡುಗೆಮನೆಯ ಕಿಟಕಿ ತೆರೆಯುತ್ತಿದ್ದದ್ದು ಗಾಳಿಗೆಂದು ಬಿಟ್ಟ ಒಂದು ಬಾವಿಯಂಥ ಕಿಂಡಿಗೆ. ಕಿಂಡಿಯ ಆಚೆ ಬದಿಯಲ್ಲಿ ಅಂಥದೇ ಇನ್ನೊಂದು ಕಿಟಕಿ, ಪಕ್ಕದ ಮನೆಯ ವಸಂತಿಯಕ್ಕನದು. ಅವರ ಒಗ್ಗರಣೆ ನಮ್ಮ ಚಹಾದ ಮೇಲೆ ಬೀಳುತ್ತಿತ್ತು, ನಮ್ಮ ಬಂಗುಡೆ ಅವರ ಸೋಮವಾರದ ಒಪ್ಪೊತ್ತಿಗೆ ಭಂಗ ತರುತ್ತಿತ್ತು. ಒಮ್ಮೆ ಅವರ ಕುಕ್ಕರಿನ ಸೀಟಿಯನ್ನು ನಮ್ಮದೆಂದು ತಿಳಿದು ನಾನು ಅರೆಬೆಂದ ಬೇಳೆ ಇಳಿಸಿದ್ದೂ ಉಂಟು. ‘ಬೇರೆಯವರ ಸೀಟಿಯ ಮೇಲೆ ಸಂಸಾರ ಮಾಡುವುದು ಕಷ್ಟ’ ಎಂದು ಅವತ್ತು ಹಿಲರಿ ಹೇಳಿದ್ದರು. ಹಿಲರಿ ನನ್ನ ಗಂಡ.

ಕಿಟಕಿ ಆಯಿತು, ಹಾಲು ಕಾಯಿತು, ಶೆರಿಲ್‌ಳ ಡಬ್ಬಿಗೆ ಉಪ್ಪಿಟ್ಟು ಹಾಕಿದೆ. ‘ಮಮ್ಮಾ, ನಾಟ್ ಅಗೇನ್’ ಎಂದಳು. ನಾನು ಕೊಂಕಣಿಯಲ್ಲಿ ಬೈದೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ನಮ್ಮ ಮನೆಯ ಬೆಳಿಗ್ಗೆಗಳು ಹೀಗೇ ಎರಡು ಭಾಷೆಯ ನಡುವೆ ತಿಂಡಿ ಮುಗಿಸುತ್ತಿದ್ದವು. ಶೆರಿಲ್ ಹತ್ತನೆಯ ಕ್ಲಾಸು. ಅವಳ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಾನು ಎರಡು ಕಪ್ಪಿಗೆ ಚಹಾ ಸೋಸಿದೆ. ಒಂದನ್ನು ಮೇಜಿನ ಮೇಲಿಟ್ಟೆ. ಇನ್ನೊಂದನ್ನು, ಹಿಡಿಗೆ ನೀಲಿ ದಾರ ಸುತ್ತಿದ್ದನ್ನು, ಹಾಲ್‌ನ ಕಿಟಕಿಯ ಕಟ್ಟೆಯ ಮೇಲಿಟ್ಟೆ. ದಾರ ಸುತ್ತಿದ ಆ ಕಪ್ ಹಿಲರಿಯದು. ದಾರ ಸುತ್ತಿದವರೂ ಅವರೇ, ನಾನು ಮರೆತು ಅದರಲ್ಲಿ ಕುಡಿಯಬಾರದು ಎಂದು.

ಸಂಗತಿ ಏನೆಂದರೆ, ಗಲ್ಫಿನಲ್ಲಿ ವೀಸಾ ಹೊಸದು ಮಾಡುವಾಗಲೆಲ್ಲ ರಕ್ತ ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು. ಇದು ಇಲ್ಲಿಯವರಿಗೆ ಕ್ಷೌರದಷ್ಟೇ ಮಾಮೂಲು. ಹಿಲರಿಯೂ ಹಿಂದೆಲ್ಲ ಹೋಗಿ ಬಂದು ಮರೆತಿದ್ದರು. ಈ ಸಲ ಮಾತ್ರ ಇನ್ನೊಮ್ಮೆ ಬನ್ನಿ ಎಂದು ಕರೆ ಬಂತು. ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಏನೋ ಒಂದು ಮಬ್ಬು ಮಚ್ಚೆ. ಮತ್ತೆ ಎಕ್ಸ್‌ರೇ, ಮತ್ತೆ ಬೆಳಗಿನ ಕಫದ ಪರೀಕ್ಷೆ, ಆಮೇಲೆ ವಾರಗಟ್ಟಲೆ ಕಾಯುವುದು. ಆ ಕಾಯಿಲೆಯ ಹೆಸರನ್ನು ನಾವು ಮನೆಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ, ‘ಅದು’ ಎಂದೆವು. ‘ಅದು’ ಹೌದಾದರೆ ವೀಸಾ ಇಲ್ಲ, ಊರಿಗೆ ಹೋಗಬೇಕು ಎಂದು ಚರ್ಚಿನ ಹೊರಗೆ ನಿಂತು ಮಾತಾಡುವವರೆಲ್ಲ ಹೇಳುತ್ತಿದ್ದರು. ಶೆರಿಲ್‌ಳ ಪರೀಕ್ಷೆಗೆ ಮೊದಲೋ ಆಮೇಲೋ ಎಂಬುದಷ್ಟೇ ಯಾರಿಗೂ ಗೊತ್ತಿರಲಿಲ್ಲ. ಫಲಿತಾಂಶ ಬರುವ ತನಕ ಮನೆಯಲ್ಲಿರಿ ಎಂದು ಕಂಪೆನಿಯವರು ರಜೆ ಕೊಟ್ಟಿದ್ದರು. ಮಗಳಿಗೆ ನಾವು ಬೆನ್ನುನೋವು ಎಂದು ಹೇಳಿದ್ದೆವು.

ಆ ಬೆಳಿಗ್ಗೆ ಹಿಲರಿ ಎಷ್ಟೋ ದಿನದ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಕಾಲರಿನ ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇತ್ತು. ವೀಸಾದ ಕಾಗದಪತ್ರ ನೋಡಿಕೊಳ್ಳುವ ಕಂಪೆನಿಯ ಪಿ.ಆರ್.ಓ. ಕೆಳಗೆ ಕಾರು ನಿಲ್ಲಿಸಿ ಹಾರ್ನ್ ಹಾಕಿದ.

‘ಇವತ್ತು ಹೇಳ್ತಾರಂತೆ,’ ಎಂದರು ಹಿಲರಿ. ‘ಫೋನ್ ಹತ್ತಿರ ಇಟ್ಟುಕೋ.’

‘ಮಧ್ಯಾಹ್ನಕ್ಕೆ ಏನು ಮಾಡಲಿ?’

‘ಏನಾದರೂ ಮಾಡು. ಎರಡು ತರದ ಸುದ್ದಿಗೂ ಸರಿಹೊಂದುವಂಥದ್ದು.’

ಅವರು ಹೋದ ಮೇಲೆ ನಾನು ಧೂಳು ಒರೆಸಲು ಶುರುಮಾಡಿದೆ. ಚಿಂತೆಯಾದಾಗ ಧೂಳು ಒರೆಸುವುದು ನನ್ನ ಅಭ್ಯಾಸ. ಈ ಊರು ಅದಕ್ಕೆ ಬೇಕಾದಷ್ಟು ಸರಬರಾಜು ಮಾಡುತ್ತದೆ. ಹಿಂದಿನ ದಿನ ಮರಳುಗಾಳಿ ಬೀಸಿತ್ತು. ಟಿವಿಯ ಕೆಳಗಿನ ಹಲಗೆಯ ಮೇಲೆ ಡಿವಿಡಿಗಳ ಒಂದು ಹಳೆಯ ರಟ್ಟಿನ ಪೆಟ್ಟಿಗೆ ಇತ್ತು, ಅದರ ಮೇಲೆ ಕೈ ಇಟ್ಟೆ, ಬೆರಳು ಎಳೆದಲ್ಲಿ ಗೆರೆ ಮೂಡಿತು. ಗೆರೆಯ ಕೆಳಗಿನಿಂದ ಹೆಂಡತಿಯ ಅರ್ಧ ಮುಖ ನನ್ನನ್ನು ನೋಡಿ ನಕ್ಕಿತು. ನನ್ನದಲ್ಲ, ಪೆಟ್ಟಿಗೆಯ ಮೇಲಿನ ಚಿತ್ರದ ಗಂಡನ ಹೆಂಡತಿಯದು.

ಈ ಗಂಡ ಹೆಂಡತಿ ನಮ್ಮ ಮನೆಗೆ ಬಂದ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮಿರ್ದಿಫಿನಲ್ಲಿ ಜೂನ್ ಎಂದರೆ ಹೊರಡುವವರ ತಿಂಗಳು. ಶಾಲೆ ಮುಗಿಯುತ್ತದೆ, ಕೆಲಸದ ಕರಾರು ಮುಗಿಯುತ್ತದೆ, ಸೂಪರ್‌ಮಾರ್ಕೆಟಿನ ಬೋರ್ಡಿನ ತುಂಬ ಸೋಫಾ, ತೊಟ್ಟಿಲು, ಬೆಕ್ಕು ಎಲ್ಲದರ ಚೀಟಿ ನೇತಾಡುತ್ತದೆ. ನಮ್ಮ ಮನೆಯ ಅರ್ಧ ಸಾಮಾನು ಹೀಗೆ ಹೊರಟುಹೋದವರದ್ದು. ಒಂದು ವರ್ಷ ಇಸ್ತ್ರಿ ಮೇಜಿಗೆಂದು ಹತ್ತಿರದ ವಿಲ್ಲಾಕ್ಕೆ ಹೋದೆ. ಬೆಳ್ಳಿಕೂದಲಿನ ಒಬ್ಬ ಬಿಳಿಯ ಟೀಚರಮ್ಮ, ಬರಿಗಾಲಿನಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಓಡಾಡುತ್ತಿದ್ದರು. ಇಸ್ತ್ರಿ ಮೇಜನ್ನು ನಾನು ಎತ್ತಿಕೊಂಡು ಬಾಗಿಲಿಗೆ ಬಂದ ಮೇಲೆ ಹಿಂದಿನಿಂದ ಕರೆದು ಈ ಡಿವಿಡಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ‘ಯು ವಿಲ್ ಲೈಕ್ ದೆಮ್, ಡಿಯರ್. ದೇ ನೆವರ್ ಗೋ ಎನಿವೇರ್’ ಎಂದರು. ಇವರು ನಿನಗೆ ಇಷ್ಟವಾಗುತ್ತಾರೆ, ಇವರು ಎಲ್ಲಿಗೂ ಹೋಗುವವರಲ್ಲ. ಹೊರಟು ನಿಂತವರ ಬಾಯಿಯಲ್ಲಿ ಆ ಮಾತು ಕೇಳಿ ನಾನು ಥ್ಯಾಂಕ್ಯೂ ಎಂದೆ. ಕಾನ್ವೆಂಟಿನಲ್ಲಿ ನಮಗೆ ಎಲ್ಲದಕ್ಕೂ ಮೊದಲು ಕಲಿಸಿದ್ದು ಅದೇ ಶಬ್ದ.

ಎಲ್ಲವೂ ಕಪ್ಪು ಬಿಳುಪು. ಟಿವಿ ಎಂಬುದು ಹೊಸದಾಗಿ ಬಂದ ಕಾಲದಲ್ಲಿ ಅಮೆರಿಕಾದಲ್ಲಿ ತೆಗೆದ ಧಾರಾವಾಹಿ. ಯಾವುದೋ ಪಟ್ಟಣದ ಹೊರಗಿನ ಬಡಾವಣೆ, ಒಂದೇ ಅಚ್ಚಿನ ಮನೆಗಳು, ಮುಂದೆ ಒಂದಿಷ್ಟು ಹುಲ್ಲು. ನಾವು ಅವರನ್ನು ಮಿಸ್ಟರ್, ಮಿಸೆಸ್ ಎಂದೇ ಕರೆಯುತ್ತಿದ್ದೆವು. ಮಿಸ್ಟರ್ ಸಂಜೆ ಮನೆಗೆ ಬಂದು ಟೊಪ್ಪಿಯನ್ನು ಗೂಟಕ್ಕೆ ಎಸೆಯುತ್ತಾನೆ. ಅದು ಕೆಳಗೆ ಬಿದ್ದರೆ ಆ ದಿನ ಏನೋ ಎಡವಟ್ಟು ಇದೆ ಎಂದೇ ಲೆಕ್ಕ. ಕೈಯಲ್ಲಿ ಚರ್ಮದ ಕೈಪೆಟ್ಟಿಗೆ. ಅದನ್ನು ಅವನು ತೆರೆದದ್ದನ್ನು ನಾವು ಒಮ್ಮೆಯೂ ಕಾಣಲಿಲ್ಲ. ‘ಒಳಗೆ ಖಾಲಿ ಟಿಫಿನ್ ಇರ್ಬೇಕು’ ಎಂದು ಹಿಲರಿಯ ಊಹೆ. ಮಿಸೆಸ್ ಕುತ್ತಿಗೆಗೆ ಮುತ್ತಿನ ಸರ ಹಾಕಿ, ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿ ಧೂಳು ಒರೆಸುತ್ತಾಳೆ, ಧೂಳೇ ಇಲ್ಲದ ಜಾಗದಲ್ಲಿ. ನಾನು ಹಿಲರಿಯ ಹಳೆಯ ಬನಿಯನಿನಲ್ಲಿ ಒರೆಸುವವಳು, ಅದೂ ನೈಟಿಯಲ್ಲಿ.

ಕತೆ ಅಂದರೆ ಅಂಥಾ ಕತೆ ಏನಿಲ್ಲ. ಮಿಸ್ಟರ್ ಪಕ್ಕದ ಮನೆಯವರ ಏಣಿ ಮುರಿದು ಹುಲ್ಲಿನೊಳಗೆ ಅಡಗಿಸಿಡುತ್ತಾನೆ. ಮಿಸೆಸ್ ಕೂದಲಿಗೆ ಏನೋ ಹಚ್ಚಿಕೊಂಡು ಕೆಡಿಸಿ, ಇಡೀ ಸಂಜೆ ಟವೆಲ್ ಸುತ್ತಿಕೊಂಡೇ ಬಡಿಸುತ್ತಾಳೆ. ಬಾಸು ಊಟಕ್ಕೆ ಬರುವ ದಿನ ಓವನ್ನಿನ ಮಾಂಸ ಸುಟ್ಟುಹೋಗುತ್ತದೆ. ಅದಕ್ಕಿಂತ ದೊಡ್ಡ ಆಪತ್ತು ಆ ಮನೆಗೆ ಬಂದದ್ದಿಲ್ಲ. ಅರ್ಧ ಗಂಟೆಯೊಳಗೆ ಎಲ್ಲ ಸರಿಯಾಗುತ್ತದೆ. ನಾನು ಕತೆಗಿಂತ ಬೇರೆಯದನ್ನೇ ಹೆಚ್ಚು ನೋಡುತ್ತಿದ್ದೆ. ಅಂಗಡಿಯಿಂದ ತರುವ ಚೀಲದಲ್ಲಿ ಯಾವಾಗಲೂ ಒಂದು ಸೊಪ್ಪಿನ ತುದಿ ಮಾತ್ರ ಹೊರಗೆ ಇಣುಕುವುದು. ಊಟದ ಮೇಜಿಗೆ ಎಷ್ಟೇ ಜನ ಕೂತರೂ ಒಂದು ಬದಿ ಖಾಲಿ ಇರುವುದು, ನಮಗೆಂದು ಬಿಟ್ಟ ಹಾಗೆ. ಪಕ್ಕದ ಮನೆಯವಳು ಬಾಗಿಲು ತಟ್ಟದೆ ಹಿತ್ತಲಿನಿಂದ ಒಳಗೆ ಬಂದರೆ ಕಾಣದ ಜನರೆಲ್ಲ ಚಪ್ಪಾಳೆ ತಟ್ಟುವುದು. ನಮ್ಮ ವಸಂತಿಯಕ್ಕ ಬಂದಾಗ ಯಾರಾದರೂ ಚಪ್ಪಾಳೆ ತಟ್ಟಿದರೆ ಅವರ ಮುಖ ಹೇಗಾದೀತು ಎಂದು ಎಣಿಸಿ ನಾನೊಬ್ಬಳೇ ನಗುತ್ತಿದ್ದೆ.

ಮತ್ತೆ ಅವರ ಮಲಗುವ ಕೋಣೆ. ಗಂಡನಿಗೊಂದು ಮಂಚ, ಹೆಂಡತಿಗೊಂದು ಮಂಚ, ನಡುವೆ ಒಂದು ದೀಪ. ಆ ಕಾಲದಲ್ಲಿ ಟಿವಿಯಲ್ಲಿ ಗಂಡ ಹೆಂಡತಿಯನ್ನು ಒಂದೇ ಮಂಚದಲ್ಲಿ ತೋರಿಸುತ್ತಿರಲಿಲ್ಲವಂತೆ. ‘ಪಾಪ, ಆಸ್ಪತ್ರೆಯ ವಾರ್ಡಿನ ಹಾಗೆ ಉಂಟು,’ ಎಂದು ಹಿಲರಿ. ‘ಮನೆ ಕಟ್ಟಿದ, ಕಾರು ತಗೊಂಡ, ಡಬಲ್ ಕಾಟ್ ತಗೊಳ್ಳಲಿಕ್ಕೆ ಆಗಲಿಲ್ಲ ನೋಡು.’ ನಮಗೆ ಪಾಠ ಹೇಳಿದ ಸಿಸ್ಟರ್ ಸೆಲೆಸ್ಟಿನ್ ಇದನ್ನು ಕಂಡಿದ್ದರೆ ಖುಷಿಪಡುತ್ತಿದ್ದರು ಎಂದೆ. ಅದಕ್ಕೂ ಹಿಲರಿ ನಕ್ಕರು.

ನಗು ಅಂದೆನಲ್ಲ, ವಿಷಯ ಇರುವುದೇ ಅಲ್ಲಿ. ಆ ಧಾರಾವಾಹಿಯಲ್ಲಿ ಮಾತಿಗೊಮ್ಮೆ ಒಂದು ಹಾಲ್ ತುಂಬ ಜನ ನಗುತ್ತಾರೆ. ಗಂಡಸರು, ಹೆಂಗಸರು, ಒಬ್ಬ ಕೀರಲು ದನಿಯವಳು. ಅಷ್ಟು ಹಳೆಯ ನಗು, ನಕ್ಕವರಲ್ಲಿ ಹೆಚ್ಚಿನವರು ಈಗ ಇರಲಾರರು. ಒಂದು ನವೆಂಬರಿನಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ನಾನು ಅವರನ್ನೂ ಸೇರಿಸಿಕೊಂಡೆ. ಪಾದ್ರಿಗಳಿಗೆ ಹೇಳಲಿಲ್ಲ.

ನಾನೋ ಸದ್ದಿಲ್ಲದೆ ನಗುವವಳು. ‘ಹುಡುಗಿಯ ನಗು ಪಕ್ಕದ ಬೆಂಚಿಗೆ ಕೇಳಬಾರದು’ ಎಂದು ಸಿಸ್ಟರ್ ಸೆಲೆಸ್ಟಿನ್ ಕಲಿಸಿದ್ದರು. ಕರವಸ್ತ್ರ ಹಿಡಿದು, ಭುಜ ಮಾತ್ರ ಅಲ್ಲಾಡಿಸಿ ನಗಬೇಕು. ಮದುವೆಯಾದ ಹೊಸದರಲ್ಲಿ ನನಗೆ ಬಿಕ್ಕಳಿಕೆ ಬಂದಿದೆಯೆಂದು ಹಿಲರಿ ನೀರು ತಂದುಕೊಟ್ಟಿದ್ದರು.

ಹಿಲರಿಯ ನಗು ಇನ್ನೊಂದು ತರ. ಅದು ತಡವಾಗಿ ಬರುತ್ತದೆ. ಮಿಸ್ಟರ್ ಏನೋ ಹೇಳುತ್ತಾನೆ, ಹಾಲ್ ತುಂಬ ಜನ ನಗುತ್ತಾರೆ, ನಗು ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಮಿಸೆಸ್ ಉತ್ತರ ಕೊಡಲು ಬಾಯಿ ತೆರೆಯುತ್ತಾಳೆ. ಆಗ ನಮ್ಮ ಸೋಫಾದಿಂದ ಒಂದು ದೊಡ್ಡ ‘ಹ್ಹ ಹ್ಹ ಹ್ಹಾ’. ಮುಂದಿನ ಮಾತು ನನಗೆ ಎಂದೂ ಸರಿಯಾಗಿ ಕೇಳಿದ್ದಿಲ್ಲ. ಮೊದಮೊದಲು ನನಗೆ ಇದರಿಂದ ಕಿರಿಕಿರಿ. ‘ಎಲ್ಲರ ಜೊತೆ ನಗಲಿಕ್ಕೆ ಏನು ನಿಮಗೆ?’ ಎಂದು ಕೇಳಿಯೂ ಕೇಳಿದೆ.

‘ನಾನು ಕನ್ನಡ ಮೀಡಿಯಮ್, ಮಾರಾಯ್ತಿ,’ ಎಂದರು. ‘ಇಂಗ್ಲಿಷ್ ಜೋಕು ಒಳಗೆ ಹೋಗಿ, ಕೊಂಕಣಿ ಆಗಿ, ತಿರುಗಿ ಬರಬೇಕಲ್ಲ. ಆಫೀಸಿನಲ್ಲಿ ಮ್ಯಾನೇಜರ್ ಜೋಕು ಹೇಳಿದರೆ ಅರ್ಥ ಆಗುವ ಮೊದಲೇ ನಗಬೇಕು. ಮನೆಯಲ್ಲಾದರೂ ಅರ್ಥ ಆದ ಮೇಲೆ ನಗ್ತೇನೆ, ಬಿಡು.’

ಬಿಟ್ಟೆ. ಹೀಗೆ ವಿಮಾನ ನಿಲ್ದಾಣದ ಬಳಿಯ ಕಾರ್ಗೋ ಆಫೀಸಿನಿಂದ ಅವರು ಬಂದು, ಮಿಂದು, ರಾತ್ರಿಯ ಊಟಕ್ಕೆ ಮೊದಲು ಒಂದು ಕಂತು ಎಂಬ ಪದ್ಧತಿ ಆಯಿತು. ನಾನು ಅಡುಗೆಮನೆಯ ಬಾಗಿಲು ತೆರೆದಿಟ್ಟು, ಚಪಾತಿ ಲಟ್ಟಿಸುತ್ತ ನೋಡುತ್ತಿದ್ದೆ. ಶೆರಿಲ್ ಮಾತ್ರ ‘ಇಟ್ಸ್ ನಾಟ್ ಈವನ್ ಕಲರ್’ ಎಂದು ಕೋಣೆಗೆ ಹೋಗುತ್ತಿದ್ದಳು. ಪೆಟ್ಟಿಗೆಯ ಡಿಸ್ಕುಗಳು ಮುಗಿದಾಗ ಮೊದಲಿನಿಂದ ಶುರು. ಜೋಕು ಬಾಯಿಪಾಠ ಬಂದ ಮೇಲೂ ಹಿಲರಿ ತಡವಾಗಿಯೇ ನಕ್ಕರು.

ಇನ್ನು ವಸಂತಿಯಕ್ಕನ ಡಬ್ಬಿಯ ಮಾತು. ಉಡುಪಿ ಕಡೆಯವರು, ಗಂಡ ದೇರಾದಲ್ಲಿ ವಾಹನದ ಬಿಡಿಭಾಗಗಳ ವ್ಯಾಪಾರಿ. ಕ್ರಿಸ್ತಿಯನರನ್ನು ಕರೆಯುವ ಊರಿನ ರೂಢಿಯಂತೆ ನನ್ನನ್ನು ‘ಬಾಯಮ್ಮ’ ಎಂದೂ ಹಿಲರಿಯನ್ನು ‘ಪೊರ್ಬುಗಳು’ ಎಂದೂ ಕರೆಯುವವರು. ಅವರ ಮದುವೆಯಲ್ಲಿ ಉಡುಗೊರೆ ಬಂದ, ಮುಚ್ಚಳದ ಮೇಲೆ ಹೆಸರು ಕೆತ್ತಿಸಿದ ಒಂದು ದೊಡ್ಡ ಸ್ಟೀಲಿನ ಡಬ್ಬಿ ಎರಡು ಮನೆಯ ನಡುವೆ ಓಡಾಡುತ್ತಿತ್ತು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು, ಗೊತ್ತಲ್ಲ. ಅವರು ಕೊಟ್ಟರೆ ನಾನು ತುಂಬಿಸಿ ಕೊಡಬೇಕು, ನಾನು ಕೊಟ್ಟರೆ ಅವರು. ಅವರಿಂದ ಬರುವಾಗ ಅದು ಮುಚ್ಚಳ ಕೂರದಷ್ಟು ತುಂಬಿರುತ್ತಿತ್ತು. ಗೋಳಿಬಜೆಯಾದರೆ ಒಂದು ಮದುವೆಗಾಗುವಷ್ಟು. ನಾವು ಮೂವರು, ಅದರಲ್ಲಿ ಶೆರಿಲ್ ಎಣ್ಣೆತಿಂಡಿ ಮುಟ್ಟುವವಳಲ್ಲ. ‘ಇಷ್ಟೆಲ್ಲ ಯಾಕೆ ವಸಂತಿಯಕ್ಕ?’ ಎಂದರೆ, ‘ಇರ್ಲಿ ಬಾಯಮ್ಮ, ಜನ ಉಂಟಲ್ಲ ನಿಮ್ಮಲ್ಲಿ’ ಎನ್ನುತ್ತಿದ್ದರು. ಆ ಕಡೆಯವರ ಮರ್ಯಾದೆಯ ಮಾತು ಎಂದುಕೊಂಡೆ. ಹಿಲರಿ ಮರುದಿನ ಆಫೀಸಿಗೆ ಕಟ್ಟಿಕೊಂಡು ಹೋಗಿ ಪಾಕಿಸ್ತಾನದವರಿಗೂ ಫಿಲಿಪೈನ್ಸಿನವರಿಗೂ ಹಂಚುತ್ತಿದ್ದರು. ಕಾರ್ಗೋ ಆಫೀಸಿನಲ್ಲಿ ಗೋಳಿಬಜೆ ಎಂಬ ಶಬ್ದ ಎಲ್ಲರ ಬಾಯಲ್ಲೂ ಇತ್ತಂತೆ.

ಎಕ್ಸ್‌ರೇಯ ಸುದ್ದಿ ಬಂದ ಮೇಲೆ ನಮ್ಮಲ್ಲಿ ಟಿವಿ ನಿಂತಿತು. ಯಾರೂ ನಿಲ್ಲಿಸೋಣ ಎಂದು ಹೇಳಲಿಲ್ಲ. ಮೊದಲ ಸಂಜೆ ಹಿಲರಿ ರಿಮೋಟ್ ಕೈಗೆ ತೆಗೆದುಕೊಂಡು, ‘ನಕ್ಕರೆ ಕೆಮ್ಮು ಬರ್ತದೆ’ ಎಂದು ಕೆಳಗಿಟ್ಟರು. ಅಷ್ಟೇ. ಆ ಮೇಲೆ ಸಂಜೆ ಅವರು ಬಾಲ್ಕನಿಯಲ್ಲಿ ಕೂರುತ್ತಿದ್ದರು. ನಿಲ್ದಾಣಕ್ಕೆ ಇಳಿಯುವ ವಿಮಾನಗಳನ್ನು ನೋಡುತ್ತಿದ್ದರು. ಏರುವವುಗಳನ್ನು ನೋಡುತ್ತಿರಲಿಲ್ಲ, ಇದನ್ನು ನಾನು ಗಮನಿಸಿದೆ. ಕಪ್ಪಿಗೆ ದಾರ ಬಂತು. ತಟ್ಟೆ ಬೇರೆಯಾಯಿತು. ಸೋಫಾವನ್ನು ಹಾಸಿಗೆ ಮಾಡಿಕೊಂಡು ಹಾಲ್‌ನಲ್ಲೇ ಮಲಗಲು ಶುರುಮಾಡಿದರು, ಬೆನ್ನಿಗೆ ಗಟ್ಟಿ ಹಾಸಿಗೆ ಒಳ್ಳೆಯದು ಎಂದು ಮಗಳ ಮುಂದೆ ಹೇಳಿದರು. ನಾನು ಕೋಣೆಯಲ್ಲಿ ಒಬ್ಬಳೇ ದೀಪ ಆರಿಸುವಾಗ ಮಿಸ್ಟರ್ ಮಿಸೆಸ್‌ರ ಎರಡು ಮಂಚಗಳ ನೆನಪಾಯಿತು. ಅವರನ್ನು ನೋಡಿ ಎಷ್ಟು ನಕ್ಕಿದ್ದೆವು. ಅವರಿಗಾದರೋ ಮಂಚ ಎರಡಾದರೂ ಕೋಣೆ ಒಂದೇ ಇತ್ತು. ಯಾವ ಕಂತಿನಲ್ಲೂ ಯಾರೂ ಬಂದು ಅವರ ಎದೆಯ ಫೋಟೋ ಕೇಳಲಿಲ್ಲ, ಈ ಹುಲ್ಲು, ಈ ಮೆಟ್ಟಿಲು, ಈ ಗೂಟ ಬಿಟ್ಟು ಹೋಗಿ ಎನ್ನಲಿಲ್ಲ. ಆ ಟೀಚರಮ್ಮ ಹೇಳಿದ್ದು ಆಗ ಅರ್ಥವಾಯಿತು. ಹಿಲರಿಯ ಜೋಕಿನ ಹಾಗೆ ತಡವಾಗಿ.

ಆ ನಡುವೆ ಒಂದು ದಿನ ಲಿಫ್ಟಿನಲ್ಲಿ ಹಿಲರಿಗೆ ಕೆಮ್ಮು ಬಂತು. ವಸಂತಿಯಕ್ಕ ಇದ್ದರು. ‘ಪೊರ್ಬುಗಳಿಗೆ ಕೆಮ್ಮು ಕಮ್ಮಿ ಆಗ್ಲಿಲ್ವಾ?’ ಎಂದು ನನ್ನನ್ನು ಕೇಳಿದರು. ಎಸಿಯದು ಎಂದೆ. ಅದಾದ ಎರಡು ದಿನಕ್ಕೆ ಅವರ ಡಬ್ಬಿ ಬಂತು. ಮುಚ್ಚಳ ತೆರೆದರೆ ತಳದಲ್ಲಿ ನಾಲ್ಕೇ ನಾಲ್ಕು ಪತ್ರೊಡೆಯ ತುಂಡು. ನಾನು ಆ ನಾಲ್ಕು ತುಂಡುಗಳನ್ನು ನೋಡುತ್ತ ನಿಂತೆ. ಇವರಿಗೆ ತಿಳಿದುಹೋಗಿದೆ ಎಂದುಕೊಂಡೆ. ಪಿ.ಆರ್.ಓ. ಯಾರಿಗೋ ಹೇಳಿರುತ್ತಾನೆ, ಅವರು ದೇರಾದಲ್ಲಿ ಇನ್ನಾರಿಗೋ ಹೇಳಿರುತ್ತಾರೆ. ‘ಅದು’ ಇರುವ ಮನೆಗೆ ಎಷ್ಟು ಕೊಟ್ಟರೆ ಮರ್ಯಾದೆ ಉಳಿಯುತ್ತದೋ ಅಷ್ಟೇ ಕೊಟ್ಟಿದ್ದಾರೆ. ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಎರಡು ಸಲ ಯೋಚಿಸುತ್ತಿದ್ದೆ. ಡಬ್ಬಿ ತೊಳೆದು ಕಪಾಟಿನಲ್ಲಿಟ್ಟೆ. ಖಾಲಿ ಕೊಡುವ ಹಾಗಿಲ್ಲ, ತುಂಬಿಸಿ ಕೊಟ್ಟರೆ ಅವರು ಅದನ್ನು ತಿನ್ನಲೂ ಆಗದೆ ಚೆಲ್ಲಲೂ ಆಗದೆ ಕಷ್ಟಪಡುತ್ತಾರೆ. ಹಾಗಾಗಿ ಅದು ನಮ್ಮಲ್ಲೇ ಉಳಿಯಿತು. ಕಪಾಟು ತೆರೆದಾಗಲೆಲ್ಲ ಮುಚ್ಚಳದ ಮೇಲಿನ ಅವರ ಹೆಸರು ನನ್ನನ್ನು ನೋಡುತ್ತಿತ್ತು. ಕಿಂಡಿಯ ಆಚೆ ಅವರ ಕೈ ಕಂಡರೆ ನಾನು ಕಿಟಕಿಯ ಬಳಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಊರಿಗೆ ಹೋಗಬೇಕಾದೀತು ಎಂಬುದಕ್ಕಿಂತ ಆ ನಾಲ್ಕು ತುಂಡು ನನ್ನನ್ನು ಹೆಚ್ಚು ಚುಚ್ಚಿತು ಎಂದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಊರು ನಮ್ಮದೇ. ಹೋದರೆ ಹೇಗಾದರೂ ಬದುಕುತ್ತೇವೆ. ಆದರೆ ನಾವು ಹೋಗುವ ಮೊದಲೇ ಒಬ್ಬರು ನಮ್ಮನ್ನು ಕಳಿಸಿ ಆಗಿದೆ ಎಂಬುದು ಬೇರೆ ತರದ ನೋವು.

ಫೋನ್ ಬಂದಾಗ ನಾನು ಇನ್ನೂ ಡಿವಿಡಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಹಿಂದೆ ಜನರ ಗದ್ದಲ, ಯಾರೋ ಟೋಕನ್ ನಂಬರ್ ಕರೆಯುತ್ತಿದ್ದರು.

‘ಖಲಾಸ್,’ ಎಂದರು ಹಿಲರಿ.

ಮುಗಿಯಿತು ಅಂದರೆ ಯಾವುದು ಮುಗಿಯಿತು?

‘ಫಿಟ್ ಅಂತೆ. ಹಳೆಯ ಕಲೆಯಂತೆ. ಸಣ್ಣದಿರುವಾಗ ನನಗೆ ನ್ಯುಮೋನಿಯಾ ಆಗಿತ್ತಲ್ಲ, ಅದರ ಗುರುತು ಇರ್ಬೇಕು, ಹಿಂದೆಲ್ಲ ಯಾರ ಕಣ್ಣಿಗೂ ಬೀಳಲಿಲ್ಲ ಅಷ್ಟೇ ಅಂದರು. ಬೇರೆ ಏನೂ ಇಲ್ಲ. ಕೇಳ್ತಾ ಇದ್ದೀಯಾ?’

‘ಕೇಳ್ತಾ ಇದ್ದೇನೆ.’

‘ಅಳ್ಬೇಡ ಮತ್ತೆ.’

‘ನಾನು ನಗ್ತಾ ಇದ್ದೇನೆ,’ ಎಂದೆ. ಸದ್ದಿಲ್ಲದ್ದರಿಂದ ಅವರಿಗೆ ಯಾವುದೆಂದು ತಿಳಿಯುವ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ.

ಕಲೆ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವೀಸಾದ ಹೊತ್ತಿಗೂ ಅದು ಅಲ್ಲೇ ಇರುತ್ತದೆ, ಮತ್ತೆ ಯಾರಾದರೂ ಅದರ ಮೇಲೆ ಬೆರಳಿಡಬಹುದು. ಅದು ಗೊತ್ತಿತ್ತು. ಆದರೂ ಆ ಬೆಳಿಗ್ಗೆ ಗೊತ್ತಿದ್ದದ್ದನ್ನು ಸ್ವಲ್ಪ ಹೊತ್ತು ಬದಿಗಿಟ್ಟೆ. ಕತ್ತರಿ ತಂದು ಕಪ್ಪಿನ ದಾರ ಕತ್ತರಿಸಿದೆ. ಸೋಫಾದ ಮೇಲಿನ ದಿಂಬನ್ನು ಒಳಗೆ ಕೊಂಡುಹೋಗಿ ನನ್ನ ದಿಂಬಿನ ಪಕ್ಕದಲ್ಲಿಟ್ಟೆ. ಮತ್ತೆ ಕಪಾಟು ತೆರೆದು ವಸಂತಿಯಕ್ಕನ ಡಬ್ಬಿ ಹೊರಗೆ ತೆಗೆದೆ. ಚಿಂತೆಯಲ್ಲಿ ಯಾರೂ ತಿನ್ನದೆ ಕಪ್ಪಾದ ಬಾಳೆಹಣ್ಣುಗಳಿದ್ದವು. ಅವನ್ನು ಕಿವುಚಿ, ಬೆಲ್ಲ, ರವೆ, ಏಲಕ್ಕಿ ಹಾಕಿ ಮುಳ್ಕ ಕರಿದೆ. ಕಿಟಕಿಯಿಂದ ಹಿಂದೆ ಸರಿಯದೆ ಕರಿದೆ. ಶೆರಿಲ್ ಶಾಲೆಯಿಂದ ಬಂದ ಮೇಲೆ ಅವಳ ಕೈಯಲ್ಲಿ ಡಬ್ಬಿ ಕಳಿಸಿದೆ. ಮನಸ್ಸಿದ್ದರೆ ತಿನ್ನಲಿ, ಇಲ್ಲದಿದ್ದರೆ ಬಿಡಲಿ, ಅವರ ಡಬ್ಬಿ ಅವರಿಗೆ ಸೇರಲಿ ಎಂದುಕೊಂಡೆ. ‘ಆಂಟಿ ಏನು ಹೇಳಿದರು?’ ಎಂದು ಕೇಳಿದರೆ, ‘ಶಿ ಸೆಡ್ ಥ್ಯಾಂಕ್ಸ್’ ಎಂದಳು. ಈ ಮಕ್ಕಳಿಂದ ಒಂದು ಸುದ್ದಿಯೂ ಪೂರ್ತಿ ಸಿಗುವುದಿಲ್ಲ.

ಸಂಜೆ ಹಿಲರಿ ಬಂದರು. ಅಲ್ ಬರ್ಷಾದ ತನಕ ಏನೂ ಕೆಲಸವಿಲ್ಲದೆ ಮೆಟ್ರೋದಲ್ಲಿ ಹೋಗಿ ತಿರುಗಿ ಬಂದೆ ಎಂದರು. ‘ಸುಮ್ಮನೆ. ಇಲ್ಲೇ ಇರುವವರ ಹಾಗೆ.’ ಮಿಂದು ಬಂದು, ದಾರವಿಲ್ಲದ ಕಪ್ಪನ್ನು ಒಮ್ಮೆ ತಿರುಗಿಸಿ ನೋಡಿ ಚಹಾ ಕುಡಿದರು. ಆ ಮೇಲೆ ಸೋಫಾದಲ್ಲಿ ತಮ್ಮ ಜಾಗದಲ್ಲಿ ಕೂತು ರಿಮೋಟ್ ಒತ್ತಿದರು.

ಏಣಿ ಮುರಿಯುವ ಕಂತು. ಮಿಸ್ಟರ್ ಟೊಪ್ಪಿ ಎಸೆದ, ಅದು ಕೆಳಗೆ ಬಿತ್ತು. ನಾನು ಬಾಗಿಲು ತೆರೆದಿಟ್ಟು ಚಪಾತಿ ಲಟ್ಟಿಸುತ್ತಿದ್ದೆ. ಟಿವಿಯಲ್ಲಿ ಪಕ್ಕದ ಮನೆಯವಳು ಹಿತ್ತಲಿನಿಂದ ಬಂದು, ನಮ್ಮ ಏಣಿ ಕಂಡಿರಾ ಎಂದಳು. ‘ಎಷ್ಟು ಉದ್ದದ್ದು?’ ಎಂದು ಮಿಸ್ಟರ್ ಕೇಳಿದ. ‘ಒಂದೇ ಇರುವಾಗಲಾ, ಎರಡು ತುಂಡು ಆದ ಮೇಲಾ?’ ಹಾಲ್ ತುಂಬ ಜನ ನಕ್ಕರು. ನಗು ಏರಿತು, ಇಳಿಯಿತು, ನಿಂತಿತು. ನಾನು ಲಟ್ಟಣಿಗೆ ಹಿಡಿದುಕೊಂಡು ಕಾದೆ. ಎಷ್ಟು ವಾರಗಳ ಮೇಲೆ ಕಾದೆನೋ. ಆಗ ಬಂತು, ‘ಹ್ಹ ಹ್ಹ ಹ್ಹಾ’. ಹಿಂದೆಯೇ ಸ್ವಲ್ಪ ಕೆಮ್ಮೂ ಬಂತು, ಬರಿ ಕೆಮ್ಮು, ಯಾರೂ ಹೆದರಬೇಕಾಗಿಲ್ಲದ ಕೆಮ್ಮು. ನನ್ನ ಗಂಟಲಿನಿಂದ ಒಂದು ಸದ್ದು ಹೊರಟಿತು. ಸಿಸ್ಟರ್ ಸೆಲೆಸ್ಟಿನ್ ಕೇಳಿದ್ದರೆ ಹೊರಗೆ ನಿಲ್ಲಿಸುತ್ತಿದ್ದ ಸದ್ದು. ಹಿಲರಿ ತಿರುಗಿ ನೋಡಿದರು. ಶೆರಿಲ್ ಕೋಣೆಯಿಂದ ತಲೆ ಹೊರಗೆ ಹಾಕಿ, ‘ಮಮ್ಮಾ, ವಾಸ್ ದಟ್ ಯು?’ ಎಂದಳು. ಅವಳೂ ಬಂದು ಸೋಫಾದ ಕೈಯ ಮೇಲೆ ಕೂತಳು. ಬಣ್ಣವಿಲ್ಲ ಎಂದು ದೂರಲಿಲ್ಲ.

ಕಂತು ಮುಗಿಯುವ ಹೊತ್ತಿಗೆ ಬಾಗಿಲ ಬೆಲ್ ಆಯಿತು. ಹಿಟ್ಟಿನ ಕೈಯಲ್ಲೇ ಹೋಗಿ ತೆರೆದೆ. ವಸಂತಿಯಕ್ಕ. ಕೈಯಲ್ಲಿ ಅದೇ ಡಬ್ಬಿ, ಮುಚ್ಚಳ ಓರೆಯಾಗಿ ಕೂತಿದೆ, ಸಂದಿನಿಂದ ಹಬೆ ಬರುತ್ತಿದೆ.

‘ಗೋಳಿಬಜೆಯ ಹಿಟ್ಟು ಬೆಳಿಗ್ಗೆಗೆ ಅಂತ ಕಲಸಿಟ್ಟದ್ದು,’ ಎಂದರು. ‘ನಿಮ್ಮ ನೆಂಟರು ಬಂದದ್ದು ಕೇಳ್ತಲ್ಲ, ಹಾಗೆ ಈಗಲೇ ಎಣ್ಣೆಗೆ ಬಿಟ್ಟೆ. ಬಿಸಿ ಉಂಟು, ಎಲ್ಲರಿಗೂ ಕೊಡಿ.’

‘ಯಾವ ನೆಂಟರು?’ ಎಂದೆ.

‘ದಿನಾ ಸಂಜೆ ಬರ್ತಾರಲ್ಲ ಬಾಯಮ್ಮ, ಗುಂಪು. ಕಿಂಡಿಯಲ್ಲಿ ಅವರು ನಗುವುದು ನನ್ನ ಅಡುಗೆಮನೆಗೆ ಸಮಾ ಕೇಳ್ತದೆ. ಚಪ್ಪಲಿ ಹೊರಗೆ ಬಿಡಿಸುವುದಿಲ್ಲ ನೀವು, ಒಳ್ಳೇದು, ವಾಚ್‌ಮನ್‌ನ ಕಿರಿಕಿರಿ ಇಲ್ಲ. ಅಷ್ಟು ಜನ ಬರುವಾಗ ನಾವು ಕೊಟ್ಟದ್ದು ಸಾಕಾಗ್ಬೇಕಲ್ಲ ಅಂತ ಸ್ವಲ್ಪ ಜಾಸ್ತಿಯೇ ಮಾಡ್ತಿದ್ದೆ. ಈಚೆಗೆ ಒಬ್ಬರೂ ಇಲ್ಲ. ಪೊರ್ಬುಗಳಿಗೆ ಹುಷಾರಿಲ್ಲ, ನೆಂಟರನ್ನು ಕರೆಯುವುದಿಲ್ಲ ಅಂತ ಕಾಣ್ತದೆ ಅಂದುಕೊಂಡೆ. ಅವತ್ತು ಪತ್ರೊಡೆಯೂ ನೀವು ಮೂವರಿಗೆ ಆಗುವಷ್ಟೇ ಕಳಿಸಿದೆ, ದಂಡ ಆಗ್ಬಾರ್ದಲ್ಲ.’

ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಬಿಸಿ ಅಂಗೈಗೆ ತಾಗುತ್ತಿತ್ತು. ಒಳಗೆ ಯಾವುದೋ ಮಾತಿಗೆ ಹಾಲ್ ತುಂಬ ಜನ ನಕ್ಕು ಮುಗಿಸಿದರು. ಒಂದು ಕ್ಷಣ ಬಿಟ್ಟು ಹಿಲರಿ ನಕ್ಕರು. ವಸಂತಿಯಕ್ಕ ಹೊರಟವರು ತಿರುಗಿ ನಿಂತರು. ಒಳಗೆ ಇಣುಕುವುದು ಮರ್ಯಾದೆಯಲ್ಲ ಎಂದು ಮುಖವನ್ನು ಲಿಫ್ಟಿನ ಕಡೆಗೇ ಇಟ್ಟುಕೊಂಡು, ದನಿ ತಗ್ಗಿಸಿ ಹೇಳಿದರು:

‘ಎಲ್ಲರೂ ನಕ್ಕ ಮೇಲೆ ಒಬ್ಬರು ನಗ್ತಾರಲ್ಲ, ಆ ನೆಂಟರನ್ನು ಮಾತ್ರ ಬೇಗ ಕಳಿಸ್ಬೇಡಿ ಆಯ್ತಾ. ಅವರಿದ್ದರೆ ನನಗೆ ಚಪಾತಿ ಲಟ್ಟಿಸಿದ್ದೇ ಗೊತ್ತಾಗುವುದಿಲ್ಲ.’